ಹಸಿರು ಬೆಟ್ಟದ ಬರಿದಾದ ನೆಲ

ಗಿಡ ನೆಡುವುದು ಪುಣ್ಯದ ಕೆಲಸವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ನೆಟ್ಟದ್ದನ್ನು ಮರೆತರೆ ಏನಾಗುವುದೆಂಬುದಕ್ಕೆ ಜಪಾನ್ ದೇಶದ ಬೆಟ್ಟಗಳು ಸಾಕ್ಷಿಯಾಗಿವೆ.

ಜಪಾನಿನ ಭೂಭಾಗದಲ್ಲಿ ಮೂರನೆಯ ಎರಡು ಪಾಲು ಅರಣ್ಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಮಿತಿಮೀರಿ ಕೊಡಲಿಗೆ ಬಲಿಯಾಯಿತು. ಯುದ್ಧ ಮುಗಿದ ಮೇಲೆ, ಸುಟ್ಟುಹೋದ ಊರುಗಳನ್ನು ಮರಳಿ ಕಟ್ಟಲು ಮರ ಬೇಕಾಯಿತು. ಆದಕಾರಣ 1950 ಮತ್ತು 60ರ ದಶಕಗಳಲ್ಲಿ ಕಡಿದಾದ ಇಳಿಜಾರುಗಳಲ್ಲಿಯೂ ಸುಗಿ, ಹಿನೋಕಿ ಎಂಬ ಮರಗಳನ್ನು ನೆಡಲಾಯಿತು. ಇವು ಪೈನ್, ದೇವದಾರುಗಳಂತೆ ಶಂಕುಧಾರಿ ವೃಕ್ಷಗಳು. ಹೆಕ್ಟೇರಿಗೆ ಸುಮಾರು 3,000 ಸಸಿಗಳನ್ನು ನೆಡುವುದು ರೂಢಿ. ಇಂದು ಅಲ್ಲಿನ ಅರಣ್ಯದ ಶೇಕಡಾ 40ರಷ್ಟು, ಎಂದರೆ ಸುಮಾರು ಒಂದು ಕೋಟಿ ಹೆಕ್ಟೇರು, ನೆಟ್ಟು ಬೆಳೆಸಿದ ಕಾಡಾಗಿದೆ.

ಒತ್ತಾದ ಪೈರನ್ನು ರೈತನು ಕಿತ್ತು ತೆಳುಮಾಡುವಂತೆ, ಇಂಥ ಕಾಡಿನಲ್ಲಿಯೂ ಆಗಾಗ ಕೆಲವು ಮರಗಳನ್ನು ಕಡಿದು ಉಳಿದವುಗಳಿಗೆ ಎಡೆ ಮಾಡಿಕೊಡಬೇಕು. ಆದರೆ 1964ರಲ್ಲಿ ಮರದ ಆಮದು ಮುಕ್ತವಾಗಿ ಹೊರದೇಶಗಳ ಮರ ಹೇರಳವಾಗಿ ಬಂದಿತು. 1980ರ ಬಳಿಕ ಸ್ವದೇಶಿ ಮರದ ಬೆಲೆ ಕುಸಿಯಿತು. ತರುಣರು ಪಟ್ಟಣ ಸೇರಿದರು. ಕಾಡನ್ನು ನೋಡಿಕೊಳ್ಳುವ ಕೈಗಳು ಕಡಿಮೆಯಾದವು.

ಆರೈಕೆಯಿಲ್ಲದ ತೋಪಿನಲ್ಲಿ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು ಬಿಸಿಲನ್ನು ತಡೆಯುತ್ತವೆ. ಬಿಸಿಲು ಕಾಣದ ನೆಲದಲ್ಲಿ ಹುಲ್ಲು, ಪೊದೆ ಯಾವುದೂ ಹುಟ್ಟುವುದಿಲ್ಲ. ಹಿನೋಕಿಯ ತೋಪಿನಲ್ಲಂತೂ ಈ ಕೇಡು ಇನ್ನೂ ಹೆಚ್ಚು. ಸುಗಿಯ ತರಗು ಕಡ್ಡಿಸಹಿತ ಬಿದ್ದು ನೆಲಕ್ಕೆ ಹೊದಿಕೆಯಾಗುತ್ತದೆ. ಹಿನೋಕಿಯ ಎಲೆಯಾದರೋ ಸಣ್ಣ ಹೊಟ್ಟಿನಂತೆ ಪುಡಿಯಾಗಿ ಮೊದಲ ಮಳೆಗೇ ಹರಿದುಹೋಗುತ್ತದೆ.

ಮರದ ಕೊಡೆಯಿದ್ದರೆ ಮಣ್ಣಿಗೆ ರಕ್ಷೆಯೆಂದು ನಾವು ಎಣಿಸುತ್ತೇವೆ. ವಾಸ್ತವದಲ್ಲಿ ಎಲೆಗಳ ಮೇಲೆ ಕೂಡಿದ ನೀರು ದಪ್ಪ ಹನಿಯಾಗಿ ಎತ್ತರದಿಂದ ಬರಿನೆಲಕ್ಕೆ ಬಡಿಯುತ್ತದೆ. ಆ ಪೆಟ್ಟಿಗೆ ಮಣ್ಣು ಸಿಡಿದು, ನೆಲದ ರಂಧ್ರಗಳು ಮುಚ್ಚಿ, ನೀರು ಒಳಗಿಳಿಯದೆ ಮೇಲ್ಮಣ್ಣನ್ನು ಹೊತ್ತು ಇಳಿಜಾರಿನಲ್ಲಿ ಓಡುತ್ತದೆ. ಬೇರುಗಳು ಬಯಲಾಗುತ್ತವೆ; ಕೆಳಗಿನ ಹೊಳೆ ಕದಡುತ್ತದೆ. ಒಂದು ಅಂಗುಲ ಮೇಲ್ಮಣ್ಣು ಮೂಡಲು ನೂರಾರು ವರ್ಷ ಬೇಕೆಂಬುದನ್ನು ನೆನೆದರೆ ಈ ನಷ್ಟದ ಅರಿವಾದೀತು. ದೂರದಿಂದ ನೋಡುವವರಿಗೆ ಮಾತ್ರ ಬೆಟ್ಟ ಎಂದಿನಂತೆ ಹಸಿರು!

ಪರಿಹಾರ ಇಲ್ಲದಿಲ್ಲ. ಮರಗಳನ್ನು ವಿರಳಗೊಳಿಸಿದರೆ ಬೆಳಕು ಇಳಿದು ಹುಲ್ಲು, ಪೊದೆಗಳು ಮತ್ತೆ ಚಿಗುರುತ್ತವೆ. ಕಡಿದ ದಿಮ್ಮಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಇರಿಸಿದರೆ ಹರಿಯುವ ಮಣ್ಣು ಅಲ್ಲಿಯೇ ನಿಲ್ಲುತ್ತದೆ. ಈ ಕೆಲಸಕ್ಕಾಗಿ ಕೋಚಿ ಪ್ರಾಂತವು 2003ರಲ್ಲಿ ಅರಣ್ಯ ತೆರಿಗೆಯೊಂದನ್ನು ಆರಂಭಿಸಿತು. ಮಾಲೀಕರಿಂದ ನೋಡಿಕೊಳ್ಳಲಾಗದ ಕಾಡನ್ನು ಸ್ಥಳೀಯ ಆಡಳಿತ ವಹಿಸಿಕೊಳ್ಳುವ ಕಾನೂನು 2019ರಲ್ಲಿ ಜಾರಿಗೆ ಬಂದಿತು. 2024ರಿಂದ ದೇಶದ ತೆರಿಗೆದಾರರು ತಲಾ ವರ್ಷಕ್ಕೆ 1,000 ಯೆನ್ ಅರಣ್ಯಕ್ಕೆಂದು ಸಲ್ಲಿಸುತ್ತಿದ್ದಾರೆ.

ನೆಡುವುದು ಒಂದು ದಿನದ ಉತ್ಸಾಹ. ಕಾಯುವುದು ಒಂದು ತಲೆಮಾರಿನ ಹೊಣೆ. ಬೆಟ್ಟದ ನೆಲವನ್ನು ಹಿಡಿದಿಡುವುದು ಮುಗಿಲು ಮುಟ್ಟುವ ಮರವೊಂದೇ ಅಲ್ಲ, ಅದರ ಬುಡದಲ್ಲಿ ನಾವು ತುಳಿದು ನಡೆಯುವ ಹುಲ್ಲು ಮತ್ತು ತರಗೆಲೆ ಕೂಡ. ಆ ಕಿರಿದನ್ನು ಕಡೆಗಣಿಸಿದವರು ಹಿರಿದನ್ನೂ ಉಳಿಸಿಕೊಳ್ಳಲಾರರು.