ಗೋಡೆಯೊಳಗೆ ಪೈಪು ಸೋರಿದರೆ ಏನು ಮಾಡಬೇಕು?



ಈ ಸಲದ ಗೋಡೆ ಪತ್ರಿಕೆಗೆ ಏನು ಬರೆಯಲಿ ಅಂತ ಯೋಚಿಸುತ್ತಿದ್ದೆ. ಕೊನೆಗೆ ನಮ್ಮ ಮನೆಯ ಗೋಡೆಯೇ ನನಗೆ ವಿಷಯ ಕೊಟ್ಟಿತು. ಓದಿ ನೋಡಿ. ನಿಮ್ಮ ಮನೆಯಲ್ಲೂ ಉಪಯೋಗಕ್ಕೆ ಬರಬಹುದು.

ನಮ್ಮದು ಹಳೇ ಮನೆ. ಕೆಳಗಡೆ ಎರಡು ವರಸೆ ಜಂಬಿಟ್ಟಿಗೆ ಕಲ್ಲು, ಅದರ ಮೇಲೆ ಮಣ್ಣಿನ ಗೋಡೆ, ಹೆಂಚಿನ ಮಾಡು. ಬಚ್ಚಲು ಮನೆಗೂ ಅಜ್ಜಿಯ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಅದರೊಳಗೆ ಪೈಪು ಹೋಗಿದೆ. ಅಜ್ಜಿ ಮಲಗುವುದು ಆ ಗೋಡೆಗೆ ತಾಗಿಕೊಂಡೇ.

ಬೇಸಿಗೆಯಲ್ಲೇ ಅಜ್ಜಿ ಹೇಳಿದ್ದರು, "ಈ ಗೋಡೆ ತಣ್ಣಗೆ ಹಸಿ ಹಸಿ ಆಗ್ತದೆ, ಒಂಚೂರು ನೋಡ್ರೋ" ಅಂತ. ಅಪ್ಪಯ್ಯ ನಕ್ಕುಬಿಟ್ಟರು. "ಮಲೆನಾಡಲ್ಲಿ ಗೋಡೆ ತಣ್ಣಗಿರದೆ ಬಿಸಿ ಇರ್ತದಾ ಅಮ್ಮಾ?" ಅಂದರು. ಕಲೆ ಕಾಣಬಾರದು ಅಂತ ಸುಣ್ಣ ಬಳಿದರು. ಎಂಟು ದಿನಕ್ಕೆ ಸುಣ್ಣ ಚಕ್ಕೆ ಎದ್ದು ಬಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ಆಮೇಲೆ ಕೇಳಬೇಕೇ? ಎಲ್ಲರೂ ಮಳೆಯ ಮೇಲೆ ಹಾಕಿದೆವು.

ಮಳೆಯ ಮೇಲೆ ಹಾಕುವುದು ನಮ್ಮ ಕಡೆ ಬಹಳ ಸುಲಭ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹೊಸನಗರದ ಹುಲಿಕಲ್ಲೂ ಅದಕ್ಕೆ ಕಡಿಮೆಯೇನಲ್ಲ. ಇಂಥ ಊರುಗಳಲ್ಲಿ ಯಾವ ಗೋಡೆ ತಾನೇ ಒಣಗಿರುತ್ತದೆ? ಅದಕ್ಕೇ ಗೋಡೆಯೊಳಗಿನ ಪೈಪು ಸೋರಿದರೂ ನಮಗೆ ಬೇಗ ಗೊತ್ತಾಗುವುದಿಲ್ಲ.

ಆರಿದ್ರಾ ಮಳೆ ಹೊತ್ತಿನಲ್ಲಿ ಒಂದು ಸಂಜೆ ಅಜ್ಜಿ ದೀಪ ಹಾಕಲು ಆ ಗೋಡೆಯ ಸ್ವಿಚ್ಚು ಮುಟ್ಟಿದರು. ಕೈ ಜುಂ ಅಂತು. ದೇವರ ದಯೆಯಿಂದ ಏನೂ ಆಗಲಿಲ್ಲ. ಅಪ್ಪಯ್ಯ ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿದರು. ಮಾರನೇ ದಿನವೇ ಹೊಸನಗರ ಕಡೆಯಿಂದ ಪೈಪಿನ ಕೆಲಸದ ಅಣ್ಣನನ್ನು ಕರೆಸಿದರು. ಅವರು ಕೆಲಸ ಮಾಡುತ್ತಾ ಹೇಳಿದ್ದನ್ನೆಲ್ಲಾ ನಾನು ನೋಟ್ಸ್ ಮಾಡಿಕೊಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮಳೆ ನೀರೋ, ಪೈಪಿನ ನೀರೋ?

ಅಣ್ಣ ಬಂದವರೇ ಉಳಿ ಸುತ್ತಿಗೆ ಹಿಡಿಯಲಿಲ್ಲ. ಮೊದಲು ಅಜ್ಜಿಯನ್ನು ಕೇಳಿದರು, "ಅಮ್ಮಾ, ಯಾವಾಗಿಂದ ಹಸಿ?" ಅಜ್ಜಿ, "ಮಳೆ ಹಿಡಿಯೋಕೆ ಮುಂಚೆ, ಮಾವಿನ ಮಿಡಿ ಉಪ್ಪಿಗೆ ಹಾಕಿದ ಸಮಯದಿಂದ" ಅಂದರು. "ಹಾಗಾದರೆ ಅರ್ಧ ಉತ್ತರ ಸಿಕ್ಕಿತು" ಅಂದರು ಅಣ್ಣ. ಮಳೆಯೇ ಇಲ್ಲದ ಕಾಲದಲ್ಲಿ ಹಸಿಯಾದ ಗೋಡೆಗೆ ಮಳೆ ಹೇಗೆ ಕಾರಣವಾಗುತ್ತದೆ? ಇಷ್ಟು ಸುಲಭದ ಮಾತು ನಮಗ್ಯಾರಿಗೂ ಹೊಳೆದಿರಲಿಲ್ಲ.

ಗುರುತಿಸುವ ವಿಧಾನ ಹೀಗೆ:

೧. ಮಳೆಯ ಹಸಿ ಮಳೆ ಜೋರಾದಾಗ ಹೆಚ್ಚಾಗುತ್ತದೆ, ನಾಲ್ಕು ದಿನ ಹೊಳವಾದರೆ ಇಳಿಯುತ್ತದೆ. ಪೈಪಿನ ಹಸಿ ಬಿಸಿಲು ಬಂದರೂ ಹಾಗೇ ಇರುತ್ತದೆ.

೨. ಮಳೆಯ ಹಸಿ ಸಾಮಾನ್ಯವಾಗಿ ಎರಚಲು ಹೊಡೆಯುವ ಹೊರಗೋಡೆಗೆ ಅಥವಾ ಮಾಡಿನ ಕೆಳಗೆ ಬರುತ್ತದೆ. ನೆಲದ ಹಸಿ ಗೋಡೆಯ ಬುಡದಿಂದ ಉದ್ದಕ್ಕೂ ಒಂದೇ ಸಮ ಏರುತ್ತದೆ. ಪೈಪಿನ ಹಸಿ ಒಂದು ಜಾಗದಲ್ಲಿ ಭೂಪಟದ ಹಾಗೆ ಹರಡಿ ಅಲ್ಲಿಂದ ಕೆಳಗೆ ಇಳಿಯುತ್ತದೆ.

೩. ರಾತ್ರಿ ಎಲ್ಲಾ ನಲ್ಲಿ ನಿಲ್ಲಿಸಿ, ಸದ್ದಿಲ್ಲದಾಗ ಗೋಡೆಗೆ ಸ್ಟೀಲ್ ಲೋಟ ಬೋರಲು ಇಟ್ಟು ಅದಕ್ಕೆ ಕಿವಿಗೊಡಬೇಕು. ಸೋರಿಕೆ ಜೋರಿದ್ದರೆ ಸಣ್ಣಗೆ ಸುಯ್ ಅಂತ ಕೇಳಿಸುತ್ತದೆ.

ಗೋಡೆಯೊಳಗೆ ನೀರು ಹೇಗೆ ಹರಡುತ್ತದೆ? ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವುದನ್ನು ನೋಡಿದ್ದೀರಲ್ಲ? ಮಣ್ಣಿನ ಸಣ್ಣ ಸಣ್ಣ ಸಂದುಗಳೂ ನೀರನ್ನು ಹಾಗೇ ಎಳೆಯುತ್ತವೆ. ಇದಕ್ಕೆ ಕೇಶಾಕರ್ಷಣೆ ಎನ್ನುತ್ತಾರೆ. ಜಂಬಿಟ್ಟಿಗೆ ಕಲ್ಲಿನಲ್ಲೂ ತೂತುಗಳು ಬಹಳ. ೧೮೦೧ರಲ್ಲಿ ಇಕ್ಕೇರಿ, ನಗರದ ಕಡೆ ಓಡಾಡಿದ ಫ್ರಾನ್ಸಿಸ್ ಬುಕಾನನ್ ಎಂಬಾತನೇ ಈ ಜಾತಿ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟವನು. ಅವನ ಪ್ರವಾಸದ ಪುಸ್ತಕ ೧೮೦೭ರಲ್ಲಿ ಅಚ್ಚಾಯಿತು. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ನಮ್ಮವರ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ, ನೋಡಿ! ಕಲ್ಲು ನೆನೆದರೂ ನಿಲ್ಲುತ್ತದೆ. ಆದರೆ ಮಣ್ಣಿನ ಗೋಡೆ ಬುಡದಲ್ಲಿ ತಿಂಗಳುಗಟ್ಟಲೆ ನೆನೆದರೆ ಮೆತ್ತಗಾಗಿ, ಮೇಲಿನ ಭಾರಕ್ಕೆ ಕುಸಿಯಬಹುದು. ಪಕ್ಕದಲ್ಲಿ ಮಲಗಿದವರ ಗತಿ?

ತೊಟ್ಟಿಯ ಪರೀಕ್ಷೆ

ನಮ್ಮ ಮನೆ ಹಿಂದಿನ ದರೆಯ ಮೇಲೆ ಒಂದು ಸಿಮೆಂಟ್ ತೊಟ್ಟಿ ಇದೆ. ಉದ್ದ ಒಂದು ಮೀಟರು, ಅಗಲ ಒಂದು ಮೀಟರು. ರಾತ್ರಿ ಒಂಬತ್ತಕ್ಕೆ ಅದನ್ನು ತುಂಬಿಸಿ, ಒಳಗೆ ಬರುವ ನೀರು ನಿಲ್ಲಿಸಿ, ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿದೆವು. ಮನೆಯ ಎಲ್ಲಾ ನಲ್ಲಿ ಬಂದ್. ಬೆಳಿಗ್ಗೆ ಆರಕ್ಕೆ ನೋಡಿದರೆ ಎರಡು ಸೆಂಟಿಮೀಟರು ಇಳಿದಿತ್ತು! ಈ ಅಳತೆಯ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಅಂದರೆ ೧೦ ಲೀಟರ್. ಹಾಗಾದರೆ ಒಂಬತ್ತು ಗಂಟೆಗೆ ೨೦ ಲೀಟರ್, ದಿನಕ್ಕೆ ೫೩ ಲೀಟರ್ ಹೋಯಿತು.

೨೦೧೯ರಲ್ಲಿ ಶುರುವಾದ ಜಲಜೀವನ ಮಿಷನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ ೫೫ ಲೀಟರ್ ನೀರು ಎಂದು ಲೆಕ್ಕ ಹಾಕಿದ್ದಾರೆ. ನಮ್ಮ ಗೋಡೆ ಹೆಚ್ಚುಕಡಿಮೆ ಒಬ್ಬರ ಪಾಲಿನ ನೀರು ಕುಡಿಯುತ್ತಿತ್ತು!

ಇಲ್ಲಿ ಎರಡು ಎಚ್ಚರಿಕೆ. ತೊಟ್ಟಿಯೇ ಸೋರುತ್ತಿರಬಹುದು. ಆದ್ದರಿಂದ ಮಾರನೇ ರಾತ್ರಿ ತೊಟ್ಟಿಯಿಂದ ಮನೆಗೆ ಬರುವ ವಾಲ್ವನ್ನೂ ಮುಚ್ಚಿ ನೋಡಿದೆವು. ಮಟ್ಟ ಇಳಿಯಲಿಲ್ಲ. ಕಳ್ಳ ಪೈಪಿನ ಸಾಲಿನಲ್ಲೇ ಇದ್ದಾನೆ ಅಂತ ಖಾತ್ರಿಯಾಯಿತು. ಎರಡನೆಯದು, ಸೋರಿಕೆ ತೀರಾ ಸಣ್ಣದಿದ್ದರೆ ಒಂದು ರಾತ್ರಿಗೆ ಗೊತ್ತಾಗುವುದಿಲ್ಲ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ ೮೬,೪೦೦ ಹನಿ. ಸುಮಾರು ೨೦ ಹನಿಗೆ ಒಂದು ಮಿಲಿಲೀಟರ್ ಎಂದರೆ ನಾಲ್ಕು ಲೀಟರಿಗೆ ಸ್ವಲ್ಪ ಜಾಸ್ತಿ. ತೊಟ್ಟಿಯಲ್ಲಿ ಅದು ಬರೀ ನಾಲ್ಕು ಮಿಲಿಮೀಟರ್. ಹಾಗಾಗಿ ಮನೆಯವರೆಲ್ಲ ನೆಂಟರ ಮನೆಗೆ ಹೋದ ದಿನ ಪೂರ್ತಿ ಇಪ್ಪತ್ತನಾಲ್ಕು ಗಂಟೆ ನೋಡಬೇಕು. ಸಣ್ಣದು ಅಂತ ಬಿಡಬಾರದು. ತಿಂಗಳಿಗೆ ಅದೇ ೧೩೦ ಲೀಟರ್ ಆಗುತ್ತದೆ. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆ ಸುಳ್ಳಲ್ಲ.

ಗೋಡೆ ಬಿಡಿಸುವುದು

ಮೊದಲು ಮೇನ್ ಸ್ವಿಚ್ ಆಫ್. ಆಮೇಲೆ ವಾಲ್ವ್ ಬಂದ್. ನಂತರ ಎಲ್ಲಕ್ಕಿಂತ ಕೆಳಗಿನ ನಲ್ಲಿ ಬಿಟ್ಟು ಪೈಪಿನ ನೀರು ಖಾಲಿ ಮಾಡಬೇಕು.

ಕಲೆ ಇದ್ದಲ್ಲೇ ತೂತು ಇರುತ್ತದೆ ಅಂತ ತಿಳಿಯಬಾರದು. ನೀರು ಪೈಪಿನ ಗುಂಟ ಜಾರಿ ಕೆಳಗೆ ಎಲ್ಲೋ ಹೊರಗೆ ಕಾಣುತ್ತದೆ. ಅಣ್ಣ ನಲ್ಲಿಯಿಂದ ಪೈಪು ಹೋಗಿರುವ ದಾರಿಯನ್ನು ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆದರು. ಕಲೆಯ ಮೇಲ್ಭಾಗದಿಂದ ಶುರುಮಾಡಿ ಹತ್ತಿರದ ಜಾಯಿಂಟಿನ ಕಡೆ ಹೋದರು. ಪೈಪು ನಡುವೆ ಒಡೆಯುವುದು ಕಡಿಮೆ. ಎಲ್ಬೋ, ಟೀ ಕೂಡಿದ ಕಡೆ ಬಿಡುವುದೇ ಹೆಚ್ಚು. ಉಳಿಯನ್ನು ಪೈಪಿಗೆ ನೇರ ಹಿಡಿಯದೆ ಓರೆ ಹಿಡಿದು ಮೆಲ್ಲಗೆ ಬಿಡಿಸಬೇಕು. ಅಂಗೈ ಅಗಲ ಬಿಡಿಸಿದರೆ ಸಾಕು. ಜಾಯಿಂಟು ಕಂಡ ಮೇಲೆ ಬಟ್ಟೆಯಲ್ಲಿ ಒರೆಸಿ, ವಾಲ್ವ್ ಒಂಚೂರು ತಿರುಗಿಸಿದರೆ ಎಲ್ಲಿಂದ ನೀರು ಚಿಮ್ಮುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ನಮ್ಮಲ್ಲಿ ಎಲ್ಬೋದ ಒಂದು ಬದಿ ಬಿಟ್ಟಿತ್ತು.

ಜೋಡಿಸುವುದು

ಪಿವಿಸಿ ಪೈಪಾದರೆ ಕೆಟ್ಟ ಭಾಗವನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ನೇರವಾಗಿ ಕೊಯ್ದು ತೆಗೆಯಬೇಕು. ಅಣ್ಣ ಬಿಟ್ಟ ಎಲ್ಬೋವನ್ನು ಎರಡೂ ಬದಿಯ ತುಂಡು ಪೈಪಿನ ಸಮೇತ ತೆಗೆದರು. ಹೊಸ ಎಲ್ಬೋ ಹಾಕಿ ಎರಡು ಕಡೆ ಸಾಕೆಟ್ಟಿನಿಂದ ಕೂಡಿಸಬೇಕು. ಗೋಡೆಯಲ್ಲಿ ಹುಗಿದ ಪೈಪು ಅತ್ತಿತ್ತ ಅಲುಗದಿದ್ದರೆ ಸಾಕೆಟ್ಟಿನೊಳಗೆ ತೂರಿಸುವುದು ಹೇಗೆ? ಅದಕ್ಕೇ ಇನ್ನೂ ಎರಡು ಮೂರು ಅಡಿ ಗೋಡೆ ಬಿಡಿಸಿದರು. ಆಗ ಪೈಪು ಸ್ವಲ್ಪ ಬಾಗಿತು, ಜೋಡಣೆ ಸಲೀಸಾಯಿತು.

ಪೈಪಿನ ತುದಿ ಮತ್ತು ಸಾಕೆಟ್ಟಿನ ಒಳಗೆ ಚೆನ್ನಾಗಿ ಒರೆಸಿ ಒಣಗಿಸಬೇಕು. ಹಸಿ ಇದ್ದರೆ ಸಲ್ಯೂಷನ್ ಹಿಡಿಯುವುದಿಲ್ಲ. ಎರಡಕ್ಕೂ ತೆಳ್ಳಗೆ ಹಚ್ಚಿ, ಒತ್ತಿ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಬಿಗಿಯಾಗಿ ಹಿಡಿಯಬೇಕು. ಮಳೆಗಾಲದ ತಂಪಿಗೆ ಬೇಗ ಗಟ್ಟಿಯಾಗದು. ನಾವು ಮಾರನೇ ದಿನದವರೆಗೂ ನೀರು ಬಿಡಲಿಲ್ಲ.

ಕಬ್ಬಿಣದ ಜಿಐ ಪೈಪಾದರೆ ಈ ಸಲ್ಯೂಷನ್ ನಡೆಯುವುದಿಲ್ಲ. ತುಕ್ಕು ಹಿಡಿದ ತುಂಡು ತೆಗೆದು ಮರೆ ಇರುವ ಹೊಸ ತುಂಡನ್ನು ಯೂನಿಯನ್ ಹಾಕಿ ಕೂಡಿಸಬೇಕು. ಮರೆಗೆ ಟೆಫ್ಲಾನ್ ಟೇಪು ಸುತ್ತಬೇಕು. ಎಂ-ಸೀಲ್ ಮೆತ್ತುವುದು, ಸೈಕಲ್ ಟ್ಯೂಬು ಕಟ್ಟುವುದು ಎಲ್ಲಾ ಹೊರಗೆ ಕಾಣುವ ಪೈಪಿಗೆ ನಾಲ್ಕು ದಿನದ ಉಪಾಯ. ಗೋಡೆಯೊಳಗೆ ಹಾಗೆ ಮಾಡಿ ಮುಚ್ಚಿದರೆ ಮತ್ತೆ ಒಡೆಯುವುದು ತಪ್ಪುವುದಿಲ್ಲ.

ಮುಚ್ಚುವ ಮೊದಲು ಇನ್ನೊಂದು ಪರೀಕ್ಷೆ. ನೀರು ಬಿಟ್ಟು ಜಾಯಿಂಟಿನ ಕೆಳಗೆ ಒಣ ನ್ಯೂಸ್ ಪೇಪರ್ ಹಾಸಿ ಒಂದು ರಾತ್ರಿ ಬಿಡಿ. ಒಂದು ಹನಿ ಬಿದ್ದರೂ ಕಾಗದ ಹೇಳುತ್ತದೆ. ನಮ್ಮ ಕಾಗದ ಒಣಗೇ ಇತ್ತು.

ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಬೇಡಿ. ಎರಡೂ ಒಂದಕ್ಕೊಂದು ಹೊಂದದೆ ಬಿರುಕು ಬಿಡುತ್ತದೆ. ಒಳಗಿನ ತೇವವೂ ಹೊರಗೆ ಬರಲಾಗದೆ ಉಳಿಯುತ್ತದೆ. ಅದೇ ಜಾತಿ ಮಣ್ಣನ್ನು ಕಲಸಿ ತುಂಬಬೇಕು. ಸುಣ್ಣಕ್ಕೆ ಅವಸರ ಬೇಡ, ಮಳೆ ಬಿಟ್ಟು ಗೋಡೆ ಒಣಗಿದ ಮೇಲೆ ಬಳಿದರಾಯಿತು.

ಇಷ್ಟಕ್ಕೂ ಜಾಯಿಂಟು ಬಿಟ್ಟಿದ್ದು ಯಾಕೆ?

ಕೆಲಸ ಮುಗಿದ ಮೇಲೆ ಅಣ್ಣ ಗುಡ್ಡದ ಕಡೆ ನೋಡಿ ಕೇಳಿದರು, "ಅಬ್ಬಿ ನೀರನ್ನ ತೊಟ್ಟಿಗೆ ಬಿಡದೆ ಸೀದಾ ಮನೆ ಪೈಪಿಗೇ ಕೊಟ್ಟಿದ್ದಿರಲ್ಲ, ಯಾವಾಗಿಂದ?" ಅಪ್ಪಯ್ಯ ಸುಮ್ಮನಾದರು. ಬಚ್ಚಲಿಗೆ ಶವರ್ ಹಾಕಿಸಿದಾಗ ನೀರಿಗೆ ಫೋರ್ಸ್ ಸಾಲದು ಅಂತ ಸಂಕ್ರಾಂತಿ ಹೊತ್ತಿಗೆ ಹಾಗೆ ಮಾಡಿದ್ದರು.

ನೀರಿನ ಮಟ್ಟ ಹತ್ತು ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ. ನಮ್ಮ ತೊಟ್ಟಿ ಮನೆಯಿಂದ ಮೂರು ಮೀಟರ್ ಮೇಲಿದೆ. ಅಬ್ಬಿ ಸುಮಾರು ಮೂವತ್ತು ಮೀಟರ್ ಮೇಲಿದೆ. ಅಂದರೆ ಒತ್ತಡ ಹತ್ತು ಪಟ್ಟು! ನೀರು ಹರಿಯುವಾಗ ಪೈಪಿಗೆ ಅಷ್ಟು ಭಾರ ಇಲ್ಲ. ರಾತ್ರಿ ಎಲ್ಲಾ ನಲ್ಲಿ ಮುಚ್ಚಿದಾಗ ಆ ಒತ್ತಡವೆಲ್ಲ ಜಾಯಿಂಟುಗಳ ಮೇಲೇ. ಸಲ್ಯೂಷನ್ ಸರಿಯಾಗಿ ಹಿಡಿಯದ ಎಲ್ಬೋ ಎಷ್ಟು ದಿನ ತಡೆದೀತು?

ಆಗ ಅಜ್ಜಿ ಹೇಳಿದರು, "ನಮ್ಮ ಕಾಲದಲ್ಲಿ ಅಡಿಕೆ ಮರ ಸೀಳಿ ದಂಬೆ ಮಾಡಿ ನೀರು ತರ್ತಿದ್ರು. ಅದು ರಾತ್ರಿ ಹಗಲು ಹರೀತಾ ಇರೋದು. ಹೆಚ್ಚಾಗಿದ್ದು ತೋಟಕ್ಕೆ ಹೋಗೋದು. ಅದನ್ನ ಕಟ್ಟಿ ಹಾಕಿದವರು ಯಾರೂ ಇರ್ಲಿಲ್ಲ." ಅಣ್ಣ, "ಅಮ್ಮ ಹೇಳಿದ್ದೇ ಸರಿ" ಅಂದರು. ಈಗ ಅಬ್ಬಿ ನೀರು ಮೊದಲಿನಂತೆ ತೊಟ್ಟಿಗೆ ಬೀಳುತ್ತದೆ, ಹೆಚ್ಚಾದದ್ದು ತೋಟಕ್ಕೆ ಹೋಗುತ್ತದೆ. ಮನೆಗೆ ಬರುವುದು ತೊಟ್ಟಿಯ ನೀರು. ಶವರ್ ಮೆಲ್ಲಗೆ ಬರುತ್ತದೆ. ಬಂದಷ್ಟು ಸಾಕು. ವಯರಿಂಗಿನವರನ್ನು ಕರೆಸಿ ಸ್ವಿಚ್ ಬೋರ್ಡನ್ನು ಎದುರು ಗೋಡೆಗೆ ಹಾಕಿಸಿದ್ದೇವೆ.

ಗೋಡೆ ಮುಚ್ಚುವ ಮೊದಲು ನಾನೊಂದು ಕೆಲಸ ಮಾಡಿದೆ. ಪೈಪು ಎಲ್ಲೆಲ್ಲಿ ಹೋಗಿದೆ, ಜಾಯಿಂಟು ನೆಲದಿಂದ ಎಷ್ಟು ಅಡಿ ಮೇಲಿದೆ ಅಂತ ಅಳೆದು ನಕ್ಷೆ ಬರೆದು ಲೆಕ್ಕದ ಪುಸ್ತಕದ ಕೊನೇ ಹಾಳೆಗೆ ಅಂಟಿಸಿದೆ. ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಗೆಳೆಯರೇ, ವಿದ್ಯುತ್ತಿನ ಮತ್ತು ಗೋಡೆ ಒಡೆಯುವ ಕೆಲಸಕ್ಕೆ ನಾವು ಮಕ್ಕಳು ಕೈ ಹಾಕಬಾರದು. ಆದರೆ ತೊಟ್ಟಿಯ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಬೇಕಾದ್ದು ಒಂದು ಕೋಲು, ಒಂದು ಸ್ಕೇಲು. ಈ ಶನಿವಾರ ರಾತ್ರಿ ಮಾಡಿ, ಎಷ್ಟು ಇಳಿಯಿತು ಅಂತ ಸೋಮವಾರ ಚೀಟಿಯಲ್ಲಿ ಬರೆದು ತನ್ನಿ. ಮುಂದಿನ ಪತ್ರಿಕೆಯಲ್ಲಿ ಪಟ್ಟಿ ಹಾಕೋಣ. ನಮ್ಮ ಶಾಲೆಯ ಟ್ಯಾಂಕಿನ ಪರೀಕ್ಷೆಗೆ ಗುರುಗಳು ಅಪ್ಪಣೆ ಕೊಡಬೇಕಾಗಿ ವಿನಂತಿ.

ಇನ್ನೊಂದು ಮಾತು. ಮನೆಯಲ್ಲಿ ಅಜ್ಜ ಅಜ್ಜಿ ಏನಾದರೂ "ನೋಡ್ರೋ" ಅಂದರೆ ನಗದೆ ಒಂದು ಸಲ ಎದ್ದು ಹೋಗಿ ನೋಡಿ. ನಮ್ಮ ಅಜ್ಜಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಆದರೂ ಮನೆಯಲ್ಲಿ ಎಲ್ಲರಿಗಿಂತ ಮೊದಲು ಸೋರಿಕೆ ಗೊತ್ತಾಗಿದ್ದು ಅವರ ಅಂಗೈಗೆ.

ಇತಿ,
ಒಂಬತ್ತನೇ ತರಗತಿಯ ವಿದ್ಯಾರ್ಥಿನಿ