ಬೇಲಿಯೇ ಎದ್ದು ಹೊಲ ಮೇಯ್ದರೆ?

ತರಕಾರಿ ಹೆಚ್ಚುವಾಗ ಈಳಿಗೆ ಬೆರಳಿಗೆ ತಾಗುತ್ತದೆ. ರಕ್ತ ಬರುತ್ತದೆ. ಒತ್ತಿ ಹಿಡಿದರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಯಾಕೆ? ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಇದು ಒಳ್ಳೆಯದೇ.

ಆದರೆ ಗಾಯವೇ ಇಲ್ಲದೆ ರಕ್ತನಾಳದ ಒಳಗೇ ರಕ್ತ ಹೆಪ್ಪುಗಟ್ಟಿದರೆ? ಕಾಲುವೆಗೆ ಮಣ್ಣಿನ ಹೆಂಟೆ ಅಡ್ಡ ಬಿದ್ದ ಹಾಗೆ. ಮುಂದಿನ ಗದ್ದೆಗೆ ನೀರು ಹೋಗಲ್ಲ. ಪೈರು ಒಣಗುತ್ತೆ.

ಹೀಗೆ ಯಾಕಾಗುತ್ತೆ?

ನಮ್ಮ ಮೈಯಲ್ಲಿ ರೋಗದ ವಿರುದ್ಧ ಹೋರಾಡುವ ಶಕ್ತಿ ಇದೆ. ಹೊಲಕ್ಕೆ ಬೇಲಿ ಇದ್ದ ಹಾಗೆ. ಕೆಲವರಲ್ಲಿ ಈ ಶಕ್ತಿ ದಾರಿ ತಪ್ಪುತ್ತೆ. ತನ್ನ ಮೈಯ ಮೇಲೆಯೇ ತಿರುಗಿ ಬೀಳುತ್ತೆ. ಆಗ ರಕ್ತ ಬೇಡದ ಕಡೆ ಹೆಪ್ಪುಗಟ್ಟುತ್ತೆ. ಇಂಥ ಒಂದು ರೋಗಕ್ಕೆ ಡಾಕ್ಟರು 'ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್' ಅಂತಾರೆ. ಚಿಕ್ಕದಾಗಿ ಎ.ಪಿ.ಎಸ್. 1983ರಲ್ಲಿ ಲಂಡನ್ನಿನ ಡಾಕ್ಟರ್ ಗ್ರಹಾಂ ಹ್ಯೂಸ್ ಇದನ್ನು ವಿವರಿಸಿದರು. ಇದು ಅಂಟುರೋಗವಲ್ಲ.

ಏನೇನು ತೊಂದರೆ?

ಒಂದೇ ಕಾಲು ಊದಿಕೊಂಡು ನೋಯಬಹುದು. ಚಿಕ್ಕ ವಯಸ್ಸಿನಲ್ಲೇ ಲಕ್ವ ಹೊಡೆಯಬಹುದು. ಬಸುರಿಯಲ್ಲಿ ಮಾಸು ಸರಿಯಾಗಿ ಕೆಲಸ ಮಾಡದೆ ಮತ್ತೆ ಮತ್ತೆ ಗರ್ಭ ಇಳಿಯಬಹುದು. ಆಗ ಮನೆಯವರು ಏನಂತಾರೆ? "ಇವಳ ಹಣೆಬರಹ" ಅಂತಾರೆ. ಅವಳ ತಪ್ಪು ಏನೂ ಇಲ್ಲ. ಅದು ರಕ್ತದ ರೋಗ ಇರಬಹುದು.

ಹೊಟ್ಟೆಯೊಳಗೆ ಏನಾಗುತ್ತೆ?

ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ. ಉದ್ದ ಒಂದು ಗೇಣಿಗಿಂತ ಕಡಿಮೆ. ಉಂಡ ಅನ್ನ ಅರಗಿಸುವ ರಸ ಅಲ್ಲಿ ತಯಾರಾಗುತ್ತೆ. ರಕ್ತದ ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ ಸಹ ಅಲ್ಲೇ. ಎ.ಪಿ.ಎಸ್. ಇದ್ದವರಲ್ಲಿ ಅಪರೂಪಕ್ಕೆ ಈ ಗ್ರಂಥಿಯ ರಕ್ತನಾಳವೂ ಕಟ್ಟಿಕೊಳ್ಳುತ್ತೆ. ರಕ್ತ ಸಿಗದೆ ಗ್ರಂಥಿ ಊದಿಕೊಳ್ಳುತ್ತೆ. ಅದರ ರಸ ಅದನ್ನೇ ಸುಡುತ್ತೆ. ಮೇಲುಹೊಟ್ಟೆಯಲ್ಲಿ ತಡೆಯಲಾರದ ನೋವು ಬರುತ್ತೆ. ನೋವು ಬೆನ್ನಿಗೂ ಹೋಗುತ್ತೆ. ವಾಂತಿಯಾಗುತ್ತೆ.

ಈ ಗ್ರಂಥಿ ಊದಲು ಪಿತ್ತಕೋಶದ ಕಲ್ಲು, ಹೆಂಡ ಸಾರಾಯಿಗಳೇ ಹೆಚ್ಚಾಗಿ ಕಾರಣ. ಕಾರಣ ಯಾವುದೇ ಇರಲಿ, ಇಂಥ ನೋವು ಬಂದರೆ "ಗ್ಯಾಸು, ಕಷಾಯ ಕುಡಿದರೆ ಹೋಗುತ್ತೆ" ಅಂತ ಕೂರಬಾರದು. ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮದ್ದು ಇದೆಯೇ?

ಇದೆ. ಮೊದಲು ರಕ್ತ ಪರೀಕ್ಷೆ. 12 ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ. ರೋಗ ಪೂರ್ತಿ ಹೋಗಲ್ಲ, ಆದರೆ ಹತೋಟಿಗೆ ಬರುತ್ತೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಡ್ತಾರೆ. ಬಸುರಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರೆ, ಹೆಪಾರಿನ್ ಇಂಜೆಕ್ಷನ್ ಕೊಡ್ತಾರೆ. ಹೀಗೆ ಚಿಕಿತ್ಸೆ ಪಡೆದ ಬಹಳಷ್ಟು ತಾಯಂದಿರ ಮಡಿಲು ತುಂಬಿದೆ.

ಅಕ್ಕತಂಗಿಯರೇ, ಇವನ್ನು ನೆನಪಿಡೋಣ:

ಗರ್ಭ ಮತ್ತೆ ಮತ್ತೆ ಇಳಿದರೆ ರಕ್ತ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳೋಣ.

ಮಾತ್ರೆಗಳನ್ನು ನಾವಾಗಿ ನುಂಗೋದೂ ಬೇಡ, ನಾವಾಗಿ ನಿಲ್ಲಿಸೋದೂ ಬೇಡ.

ಈ ರೋಗ ಇದ್ದವರಿಗೆ ಮಾಲಾ-ಡಿ, ಮಾಲಾ-ಎನ್ ಮಾತ್ರೆ ಆಗಿಬರಲ್ಲ. ಬೇರೆ ದಾರಿ ಕೇಳೋಣ.

ಆಸ್ಪತ್ರೆಯ ಚೀಟಿ ಜೋಪಾನವಾಗಿಡೋಣ. ಈಗ ನಮಗೆ ಓದಲು ಬರುತ್ತೆ. ಮಾತ್ರೆಯ ಹೆಸರು ನಾವೇ ಓದೋಣ.