ನಿಮಗಿದು ಗೊತ್ತೇ? ಟಿಕೆಟ್ ಹಡಗು ಹತ್ತೋದಕ್ಕೆ, ಮಿಕ್ಕಿದ್ದಕ್ಕೆಲ್ಲ ಬೇರೆ ಬಿಲ್ಲು!

ಗದಗ ಸೀಮೆಯ ಅಸುಂಡಿಯಿಂದ ಸಮುದ್ರ ಬಲು ದೂರ. ಆದರೆ ಕ್ರೂಸ್ ಹಡಗು ಒಂದೇ ರೈಲಿನಷ್ಟು ಹತ್ತಿರ! ಗದಗ ಜಂಕ್ಷನ್ನಿನಲ್ಲಿ ಮುಂಬಯಿ ರೈಲು ಹತ್ತಿ ಕುಳಿತರೆ ಸಾಕು. ಬಾಗಲಕೋಟೆ, ವಿಜಯಪುರ, ಸೊಲ್ಲಾಪುರ ದಾಟಿ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುತ್ತದೆ. ಅಲ್ಲಿಂದ ಹಡಗುಕಟ್ಟೆ ಇರುವ ಬಲ್ಲಾರ್ಡ್ ಪಿಯರ್‌ಗೆ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷ!

ರೈಲು ಟಿಕೆಟ್ ಮಾರುವ ಐಆರ್‌ಸಿಟಿಸಿ ಕ್ರೂಸ್ ಟಿಕೆಟ್ಟನ್ನೂ ಮಾರಿದೆ, ಗೊತ್ತೇ? 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಕಾರ್ಡೇಲಿಯಾ ಕಂಪನಿಯ 'ಎಂಪ್ರೆಸ್' ಹಡಗು ಹೊರಟಾಗ ಅದರ ಬುಕಿಂಗ್ ಐಆರ್‌ಸಿಟಿಸಿಯಲ್ಲೂ ಸಿಗುತ್ತಿತ್ತು. ಆ ಹಡಗು ಯಾತ್ರೆ ಶುರು ಮಾಡಿದ್ದು 1990ರಲ್ಲಿ. ಆಗ ಅದರ ಹೆಸರು 'ನಾರ್ಡಿಕ್ ಎಂಪ್ರೆಸ್'. ಬೇರೆ ಸಮುದ್ರಗಳಲ್ಲಿ ಮೂವತ್ತು ವರ್ಷ ತಿರುಗಾಡಿ ಬಂದು ಈಗ ನಮ್ಮವರನ್ನು ಹತ್ತಿಸಿಕೊಳ್ಳುತ್ತಿದೆ. ಜೈನರ ಅಡುಗೆಯೂ ಸಿಗುತ್ತದೆ!

ಈಗ ನಿಜವಾದ ಮಜಾ ಕೇಳಿ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ದರ ಸಾಮಾನ್ಯವಾಗಿ ಒಬ್ಬರದು. ಅದೂ ಒಂದು ಕ್ಯಾಬಿನ್ನಿನಲ್ಲಿ ಇಬ್ಬರು ಇದ್ದರೆ ಮಾತ್ರ! ಒಬ್ಬರೇ ಹೊರಟರೆ ಎಷ್ಟೋ ಹಡಗುಗಳಲ್ಲಿ ಖಾಲಿ ಹಾಸಿಗೆಯ ದುಡ್ಡನ್ನೂ ನೀವೇ ಕೊಡಬೇಕು. ಅದೇ ಕ್ಯಾಬಿನ್ನಿಗೆ ಮೂರನೆಯವರು, ನಾಲ್ಕನೆಯವರು ಸೇರಿದರೆ ಅವರಿಗೆ ಹೆಚ್ಚಾಗಿ ರಿಯಾಯಿತಿ!

ಬಂದರಿಗೂ ಬಾಡಿಗೆ ಇದೆ! ಬಿಲ್ಲು ತೆರೆದು ನೋಡಿ. ಕ್ಯಾಬಿನ್ ದರದ ಕೆಳಗೆ ಬಂದರು ಶುಲ್ಕ ಅಂತ ಒಂದು ಸಾಲು, ತೆರಿಗೆ ಅಂತ ಇನ್ನೊಂದು ಸಾಲು. ಹಡಗು ಕಟ್ಟೆಗೆ ಬಂದು ನಿಂತದ್ದಕ್ಕೆ ನಿಮ್ಮ ಪಾಲೂ ಅದರಲ್ಲಿದೆ.

ಟಿಪ್ಸ್ ಕೊಡುವುದು ನಮ್ಮಿಷ್ಟ ಅಂದುಕೊಂಡಿದ್ದೀರಾ? ದೊಡ್ಡ ಹಡಗುಗಳಲ್ಲಿ ಅದು ದಿನದ ಲೆಕ್ಕದಲ್ಲಿ ತಾನೇ ಬಿಲ್ಲಿಗೆ ಸೇರಿಬಿಡುತ್ತದೆ! ರಾಯಲ್ ಕೆರಿಬಿಯನ್ ಕಂಪನಿ 2023ರ ನವೆಂಬರಿನಿಂದ ಸಾಧಾರಣ ಕ್ಯಾಬಿನ್ನಿನವರಿಗೆ ತಲಾ ದಿನಕ್ಕೆ 18 ಡಾಲರ್ ಇಟ್ಟಿತು. ಆ ಲೆಕ್ಕದಲ್ಲಿ ಗಂಡ ಹೆಂಡತಿ ಏಳು ದಿನ ಹೋದರೆ ಟಿಪ್ಸ್ ಒಂದೇ 252 ಡಾಲರ್. ಕ್ಯಾಬಿನ್ ಒರೆಸುವವರು, ಊಟ ಬಡಿಸುವವರು ಎಲ್ಲರಿಗೂ ಅದರಲ್ಲಿ ಪಾಲಿದೆ ಅನ್ನುವುದು ಸಮಾಧಾನ.

ಹಡಗಿನೊಳಗೆ ಹೆಚ್ಚಾಗಿ ನೋಟು ನಡೆಯುವುದಿಲ್ಲ! ಹತ್ತುವಾಗ ಒಂದು ಕಾರ್ಡು ಕೊಡುತ್ತಾರೆ. ಕ್ಯಾಬಿನ್ ಬಾಗಿಲು ತೆಗೆಯುವುದೂ ಅದೇ, ಐಸ್‌ಕ್ರೀಮು ಕೊಳ್ಳುವುದೂ ಅದೇ. ಕೈಯಿಂದ ದುಡ್ಡು ಹೋಗುವುದೇ ಕಾಣುವುದಿಲ್ಲ. ದಿನಾ ರಾತ್ರಿ ಲೆಕ್ಕ ನೋಡಿಕೊಳ್ಳಿ!

ಹಡಗಿನೊಳಗಿನ ಇಂಥ ಖರ್ಚಿನಿಂದ ಕಂಪನಿಗೆ ಬರುವ ಆದಾಯ ಎಷ್ಟು ಗೊತ್ತೇ? ಕಾರ್ನಿವಲ್ ಜಗತ್ತಿನ ಅತಿ ದೊಡ್ಡ ಕ್ರೂಸ್ ಸಂಸ್ಥೆ. 2024ರಲ್ಲಿ ಅದರ ವರಮಾನ ಸುಮಾರು 2,500 ಕೋಟಿ ಡಾಲರ್. ಅದರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಬಂದದ್ದು ಟಿಕೆಟ್ಟಿನಿಂದಲ್ಲ, ಹಡಗಿನೊಳಗಿನ ಮಾರಾಟ ಮತ್ತು ಇತರೆ ಬಾಬ್ತಿನಿಂದ!

ಈ ಚಾಳಿ ಇವತ್ತಿನದಲ್ಲ. 1912ರ ಟೈಟಾನಿಕ್‌ನಲ್ಲೂ ಇತ್ತು! ಟರ್ಕಿಷ್ ಸ್ನಾನಕ್ಕೆ ನಾಲ್ಕು ಷಿಲಿಂಗ್. ಡೆಕ್ಕಿನ ಮೇಲೆ ಕಾಲು ಚಾಚಿ ಕೂರುವ ಕುರ್ಚಿಗೂ ಪ್ರಯಾಣವಿಡೀ ನಾಲ್ಕು ಷಿಲಿಂಗ್ ಬಾಡಿಗೆ! ಊರಿಗೆ ತಂತಿ ಕಳಿಸಬೇಕೆಂದರೆ ಮೊದಲ ಹತ್ತು ಪದಕ್ಕೆ 12 ಷಿಲಿಂಗ್ 6 ಪೆನ್ಸ್. ಆಮೇಲೆ ಪದಕ್ಕೊಂದು ದರ. ಅಂದರೆ ಹತ್ತು ಪದದ ಒಂದು ತಂತಿಯ ದುಡ್ಡಿಗೆ ಮೂರು ಕುರ್ಚಿ ಬಾಡಿಗೆಗೆ ಬರುತ್ತಿದ್ದವು!

ಮೊದಲ ದರ್ಜೆಯವರಿಗೆ ಅಲ್ಲಿ ದುಬಾರಿ ರೆಸ್ಟೋರೆಂಟ್ ಬೇರೆ ಇತ್ತು. ಊಟದ ಹಣ ಟಿಕೆಟ್ಟಿನಲ್ಲೇ ಸೇರಿದ್ದರೂ ಇಲ್ಲಿ ತಿಂದರೆ ಮತ್ತೆ ಹಣ. ಇಂದಿನ ಹಡಗುಗಳ ಸ್ಪೆಷಾಲಿಟಿ ರೆಸ್ಟೋರೆಂಟ್ ನಡೆಯುವುದೂ ಥೇಟ್ ಹೀಗೇ!

ಈಗ ಡ್ರಿಂಕ್ಸ್ ಪ್ಯಾಕೇಜ್ ಕಥೆ. ಇದು ಎಲ್ಲಕ್ಕಿಂತ ವಿಚಿತ್ರ, ನಿಧಾನವಾಗಿ ಓದಿ. ದಿನಕ್ಕಿಷ್ಟು ಅಂತ ಕಟ್ಟಿದರೆ ಬೇಕಾದಷ್ಟು ಪಾನೀಯ. ಆದರೆ ಒಂದು ಕ್ಯಾಬಿನ್ನಿನಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಅಲ್ಲಿರುವ ಉಳಿದ ವಯಸ್ಕರೂ ಕೊಳ್ಳಬೇಕು ಎನ್ನುವುದು ಹಲವು ದೊಡ್ಡ ಕಂಪನಿಗಳ ನಿಯಮ! ಯಜಮಾನರಿಗೆ ಬೇಕು, ಯಜಮಾನಿತಿಗೆ ಬರೀ ಚಹಾ ಸಾಕು ಅಂದರೆ ನಡೆಯದು. ಒಂದು ದಿನಕ್ಕೆ ಮಾತ್ರ ಕೊಡಿ ಅಂದರೂ ಸಾಮಾನ್ಯವಾಗಿ ಇಲ್ಲ, ಇಡೀ ಯಾತ್ರೆಗೇ ಕೊಳ್ಳಬೇಕು.

ಬೇಕಾದಷ್ಟು ಅಂದರೂ ಅದಕ್ಕೊಂದು ಮಿತಿ ಇದೆ! ಕಾರ್ನಿವಲ್ ಹಡಗಿನಲ್ಲಿ ಇಪ್ಪತ್ನಾಲ್ಕು ಗಂಟೆಗೆ ಮದ್ಯದ ಲೋಟ 15 ಮಾತ್ರ. ಹದಿನಾರನೆಯದು ಸಿಗುವುದಿಲ್ಲ!

ಇನ್ನೊಂದು ಸೋಜಿಗ. ಒಂದೇ ಕಂಪನಿ, ಒಂದೇ ಪ್ಯಾಕೇಜ್. ಆದರೂ ಹಡಗು ಬದಲಾದರೆ, ತಾರೀಖು ಬದಲಾದರೆ ಬೆಲೆಯೂ ಬದಲು! ಇವತ್ತು ನೋಡಿದ ದರ ಮುಂದಿನ ವಾರ ಇಳಿದಿರಬಹುದು, ಏರಿರಬಹುದು. ಬೆಟಗೇರಿಯ ಸಂತೆಯಲ್ಲಿ ಬೆಳಗಿನ ಬದನೆಕಾಯಿಗೆ ಒಂದು ರೇಟು, ಸಂಜೆಗೆ ಒಂದು ರೇಟು ಇದ್ದ ಹಾಗೆ!

ಇಲ್ಲೇ ಇದೆ ಜಾಣತನ. ಇಂಥ ಎಕ್ಸ್‌ಟ್ರಾಗಳನ್ನು ಮನೆಯಲ್ಲೇ ಕೂತು ಮುಂಚೆ ಬುಕ್ ಮಾಡಿದರೆ ಹಡಗಿನೊಳಗೆ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ. ಬುಕ್ ಮಾಡಿದ ಮೇಲೆ ಬೆಲೆ ಇಳಿಯಿತೋ? ಹಡಗು ಹೊರಡುವ ಕೆಲ ದಿನ ಮುಂಚಿನವರೆಗೂ ಎಷ್ಟೋ ಕಂಪನಿಗಳು ರದ್ದು ಮಾಡಲು ಬಿಡುತ್ತವೆ. ಹಳೆಯದನ್ನು ರದ್ದು ಮಾಡಿ ಹೊಸ ದರಕ್ಕೆ ಮತ್ತೆ ಬುಕ್ ಮಾಡಿ. ಅದೇ ಊಟ, ಅದೇ ಇಂಟರ್‌ನೆಟ್, ಕಡಿಮೆ ದುಡ್ಡು! ವಾರಕ್ಕೊಮ್ಮೆ ಇಣುಕಿ ನೋಡುವಷ್ಟು ತಾಳ್ಮೆ ಇದ್ದರೆ ಸಾಕು.

ಷೇರು ಇದ್ದರೆ ಹಡಗಿನಲ್ಲಿ ಖರ್ಚಿಗೆ ಕಾಸು! ಕಾರ್ನಿವಲ್ ಕಂಪನಿಯ 100 ಷೇರು ಇಟ್ಟುಕೊಂಡವರು ಅರ್ಜಿ ಹಾಕಿದರೆ, ಯಾತ್ರೆಯ ದಿನಗಳನ್ನು ನೋಡಿ 50ರಿಂದ 250 ಡಾಲರ್‌ವರೆಗೆ ಅವರ ಹಡಗಿನ ಖಾತೆಗೆ ಜಮಾ ಮಾಡುವ ಪದ್ಧತಿ ಇದೆ.

ಮೊಬೈಲಿನ ಬಗ್ಗೆ ಹುಷಾರು! ನಡುಗಡಲಿನಲ್ಲೂ ಸಿಗ್ನಲ್ ಬರುತ್ತದೆ. ಅದು ಊರಿನ ಟವರಲ್ಲ, ಹಡಗಿನದೇ ಉಪಗ್ರಹ ಜಾಲ. ನಿಮ್ಮ ಊರಿನ ರೀಚಾರ್ಜ್ ಅಲ್ಲಿ ನಡೆಯದು. ಏರೋಪ್ಲೇನ್ ಮೋಡ್ ಹಾಕಲು ಮರೆತರೆ ಒಂದು ವಿಡಿಯೋ ನೋಡಿದ್ದಕ್ಕೂ ಎದೆ ಝಲ್ಲೆನ್ನುವ ಬಿಲ್ಲು ಬರಬಹುದು.

ಕ್ಯಾಸಿನೋ ಮತ್ತು ಸುಂಕವಿಲ್ಲದ ಅಂಗಡಿಗಳು ಹಡಗು ಬಂದರಿನಲ್ಲಿ ನಿಂತಾಗ ಬಾಗಿಲು ಹಾಕಿರುತ್ತವೆ. ದೇಶದ ಕಡಲ ಗಡಿ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್. ಅದನ್ನು ದಾಟಿದ ಮೇಲೆ ತೆರೆಯುವುದು ರೂಢಿ!

ಹಡಗಿನವರು ಕುಡಿಯುವ ನೀರನ್ನು ಹೆಚ್ಚಾಗಿ ಸಮುದ್ರದಿಂದಲೇ ಮಾಡುತ್ತಾರೆ! ಉಪ್ಪು ತೆಗೆದ ಆ ನೀರು ಪುಕ್ಕಟೆ. ಬಾಟಲಿ ನೀರು ಬೇಕೆಂದರೆ ಹೆಚ್ಚಿನ ಕಡೆ ದುಡ್ಡು.

ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡು ಹೋಗೋಣ ಅಂದಿರಾ? ಮನೆಯಲ್ಲಿ ಮಾಡಿದ ತಿನಿಸನ್ನು ಹಲವು ಹಡಗುಗಳು ಒಳಗೆ ಬಿಡುವುದಿಲ್ಲ! ಅಂಗಡಿಯ ಸೀಲ್ ಒಡೆಯದ ಪೊಟ್ಟಣವಾದರೆ ಹೆಚ್ಚಾಗಿ ಅಡ್ಡಿಯಿಲ್ಲ. ಇಸ್ತ್ರಿ ಪೆಟ್ಟಿಗೆಗೂ ಪ್ರವೇಶವಿಲ್ಲ. ಬೆಂಕಿಯ ಭಯ!

ಇನ್ನು ನಮ್ಮ ಮಂಗಳೂರಿಗೆ ಬನ್ನಿ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಕೋವಿಡ್ ಬಿಡುವಿನ ನಂತರ 2022ರ ನವೆಂಬರಿನಲ್ಲಿ 'ಯುರೋಪಾ 2' ಬಂತು. ಇ-ವೀಸಾ ಇದ್ದವರು ಇಲ್ಲಿ ನೇರವಾಗಿ ಇಳಿಯಬಹುದು! ಬೆಳಿಗ್ಗೆ ಬಂದು ಸಂಜೆ ಹೊರಡುವ ಹಡಗು. ಆ ಕೆಲವೇ ಗಂಟೆಯಲ್ಲಿ ಬಸ್ಸು, ಟ್ಯಾಕ್ಸಿ ಹತ್ತಿ ಕುದ್ರೋಳಿ ಗೋಕರ್ಣನಾಥ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿ ಬರುತ್ತಾರೆ. ಗೊಮ್ಮಟ ನಿಂತದ್ದು 1432ರಲ್ಲಿ, 42 ಅಡಿ ಎತ್ತರ. ಈ ಸುತ್ತಾಟವೂ ಟಿಕೆಟ್ಟಿನಲ್ಲಿ ಸೇರಿರುವುದು ಅಪರೂಪ. ಹೆಚ್ಚಿನವರಿಗೆ ಇದೂ ಎಕ್ಸ್‌ಟ್ರಾ!

ಇದರಲ್ಲೊಂದು ಗುಟ್ಟು. ಹಡಗಿನವರೇ ಮಾರುವ ಸುತ್ತಾಟ ದುಬಾರಿ. ಆದರೆ ಆ ಬಸ್ಸು ದಾರಿಯಲ್ಲಿ ತಡವಾದರೆ ಹಡಗು ಕಾಯುತ್ತದೆ! ನೀವೇ ಹೊರಗೆ ಟ್ಯಾಕ್ಸಿ ಹಿಡಿದು ಹೋದರೆ ದುಡ್ಡು ಉಳಿಯುತ್ತದೆ, ತಡವಾದರೆ ಹಡಗು ಹೋಗಿಬಿಡುತ್ತದೆ. ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಓಡಬೇಕು. ಹಡಗಿನ ಗಡಿಯಾರ ಊರಿನ ಗಡಿಯಾರಕ್ಕಿಂತ ಬೇರೆ ಇರಬಹುದು ಎನ್ನುವುದು ಮತ್ತೂ ಮಜಾ. ಹಿಂತಿರುಗುವ ಹೊತ್ತು ಹಡಗಿನ ಗಡಿಯಾರದ್ದೇ!

ನಮ್ಮಲ್ಲಿ ಹಳಿಯ ಮೇಲೆ ಓಡುವ ಕ್ರೂಸೂ ಇದೆ! 2008ರಲ್ಲಿ ಶುರುವಾದ ಗೋಲ್ಡನ್ ಚಾರಿಯಟ್. ಹೆಸರು ಹಂಪಿಯ ಕಲ್ಲಿನ ರಥದ್ದು. ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ, ಚಾಲುಕ್ಯ ಅಂತ ರಾಜವಂಶಗಳ ಹೆಸರು. ಊಟದ ಬೋಗಿ 'ನಳ', 'ರುಚಿ'. ಬಾರ್ 'ಮದಿರಾ', ಸ್ಪಾ 'ಆರೋಗ್ಯ'! ಊಟ, ಗೈಡು, ತಾಣಗಳ ಪ್ರವೇಶ ದರದಲ್ಲೇ ಸೇರಿವೆ. ಮಸಾಜು ಬೇಕಾದರೆ ಪ್ರತ್ಯೇಕ ಹಣ.

ನೀವು ಹಡಗು ಹತ್ತುವ ಯೋಚನೆಯಲ್ಲಿದ್ದರೆ ಏಜೆಂಟರಿಗೆ ಮುಂಗಡ ಕೊಡುವ ಮೊದಲು ಒಂದು ಮಾತು ಕೇಳಿ: "ಬಂದರು ಶುಲ್ಕ, ತೆರಿಗೆ, ಟಿಪ್ಸ್ ಎಲ್ಲ ಸೇರಿ ಒಟ್ಟು ಎಷ್ಟು? ಇದರಲ್ಲಿ ಯಾವುದು ಸೇರಿಲ್ಲ?" ಉತ್ತರವನ್ನು ಬರೆಸಿಕೊಳ್ಳಿ. ಆಮೇಲೆ ದುಡ್ಡು ಕಟ್ಟಿ!